ಊರಿನಿಂದ ಮೀನು ತಂದವಳು

ಕಿರಿಮಂಜೇಶ್ವರ
೩ ಸೆಪ್ಟೆಂಬರ್ ೨೦೨೩

ಪ್ರೀತಿಯ ಜಲ್ಜೀ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನ್ ಎಂದರೆ ಆ ಖೋಲಿಯಲ್ಲಿರುವ ಎಲ್ಲರ ಕಿವಿ. ನೀನು ಮದುವೆಯಾಗಿ ಮುಂಬೈಗೆ ಹೋದ ವರ್ಷದಿಂದ ನಾವು ಮನಸ್ಸಿನ ಮಾತನ್ನು ಕಾಗದದಲ್ಲೇ ಆಡಿದವರು. ಇದನ್ನೂ ಹಾಗೇ ಹೇಳುತ್ತೇನೆ. ನಾನು ಬೈಕ್ ತೆಗೆದುಕೊಂಡೆ.

ಸ್ಕೂಟರ್ ಅಲ್ಲ ಮಾರಾಯ್ತಿ, ಬೈಕ್. ದೂರ ಹೋಗಲಿಕ್ಕೆಂದೇ ಮಾಡಿದ ದೊಡ್ಡ ಗಾಡಿ, ಟೂರಿಂಗ್ ಬೈಕ್ ಅನ್ನುತ್ತಾರೆ. ಎದುರಿಗೆ ಗಾಳಿ ತಡೆಯುವ ಗಾಜು, ಎರಡು ಬದಿಗೂ ಬೀಗ ಹಾಕುವ ಪೆಟ್ಟಿಗೆ. ಇನ್ನೂರು ಕಿಲೋ ಭಾರ. ನಿಂತಾಗ ಆ ಭಾರ ಸೊಂಟಕ್ಕೆ ಗೊತ್ತಾಗುತ್ತದೆ, ಹೊರಟ ಮೇಲೆ ಇಲ್ಲ.

ಯಾಕೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಇಪ್ಪತ್ತಾರು ವರ್ಷ ಸ್ಕೂಟರಿನ ಹಿಂದೆ ಒಣಮೀನಿನ ಮೂಟೆ ಕಟ್ಟಿಕೊಂಡು ಶಿರೂರಿನಿಂದ ಬ್ರಹ್ಮಾವರದ ತನಕ ತಿರುಗಿದೆ. ಹೆದ್ದಾರಿಯ ಹೊಂಡ ಒಂದೊಂದೂ ಗೊತ್ತು. ಆದರೆ ಶಿರೂರಿನಿಂದಾಚೆ ಅದೇ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಬೋರ್ಡಿನಲ್ಲಿ ಓದಿದ್ದೇ ಹೊರತು ಹೋದವಳಲ್ಲ. ಈಗ ವ್ಯಾಪಾರ ಯತೀಶ ನೋಡಿಕೊಳ್ಳುತ್ತಾನೆ. ನಿನ್ನ ಭಾವ ಇದ್ದಾಗ ಅವರ ಬೈಕಿನಲ್ಲಿ ಸಮುದ್ರದ ಬದಿ ಗಿಯರ್ ಹಾಕಲು ಕಲಿತದ್ದು ಮರೆತಿರಲಿಲ್ಲ.

ಕುಂದಾಪುರದ ಶೋರೂಮಿನಲ್ಲಿ ನಡೆದದ್ದು ಕೇಳು. ಯತೀಶನನ್ನು ಕರೆದುಕೊಂಡು ಹೋದದ್ದೇ ತಪ್ಪಾಯಿತು. ಅಲ್ಲಿನವನು ಗಾಡಿಯ ವಿಷಯ ಪೂರ್ತಿ ಯತೀಶನಿಗೆ ಹೇಳಿದ. ನಾನು ಬ್ರೇಕಿನ ಬಗ್ಗೆ ಕೇಳಿದರೆ ಉತ್ತರವನ್ನು ಅವನ ಮುಖ ನೋಡಿ ಕೊಟ್ಟ. ಕೊನೆಗೆ ಹಾರ ಹಾಕಿ, ಕೀಲಿ ಯತೀಶನ ಕೈಗೆ ಕೊಟ್ಟು, "ಅಮ್ಮಾ, ನೀವ್ ಹಿಂದ್ ಕೂಕಣಿ, ಫೋಟೋ ತೆಗುವ" ಅಂದ.

"ಗಾಡಿ ನಂದ್. ಬಿಡುದೂ ನಾನೇ" ಅಂದೆ.

ಅವನು ನಕ್ಕ. ಯತೀಶನೂ ನಕ್ಕ. ಮಗ ನಕ್ಕದ್ದು ನನಗೆ ಹಿಡಿಸಲಿಲ್ಲ. ಆದರೂ ಮನೆಯ ತನಕ ನಾನೇ ಬಿಟ್ಟುಕೊಂಡು ಬಂದೆ. ಅವನು ಬಸ್ಸಿನಲ್ಲಿ ಬಂದ.

ಬೇಗ ಬರೆ. ನಿನಗಿಂತ ಮೊದಲು ಯಾರಿಗೂ ಹೇಳಿಲ್ಲ.

ನಿನ್ನ ಅಕ್ಕ,
ಗುಲಾಬಿ


ಭಾಂಡುಪ್, ಮುಂಬೈ
೧೯ ಸೆಪ್ಟೆಂಬರ್ ೨೦೨೩

ಅಕ್ಕಾ, ನನ್ನ ಅಕ್ಕಾ,

ನಿನ್ನ ಕಾಗದವನ್ನು ನಲ್ಲಿಯ ಹತ್ತಿರ ಬಾಲ್ದಿ ತುಂಬುವಷ್ಟರಲ್ಲಿ ಮೂರು ಸಲ ಓದಿದೆ. ಬಾಲ್ದಿ ತುಂಬಿ ನೀರು ಹರಿದು ಹೋಯಿತು, ಪಕ್ಕದ ಮನೆಯ ಮರಾಠಿಯವಳು ಬೈದಳು. ಬೈಯಲಿ.

ಐವತ್ತೇಳು ವರ್ಷ ನಿನಗೆ! ಇಲ್ಲಿ ನನ್ನ ಐವತ್ತೆರಡಕ್ಕೇ ಎಲ್ಲರೂ ಮಂಡಿಯ ಎಣ್ಣೆ, ಶುಗರಿನ ಕಷಾಯ ಅಂತ ಹೇಳಿಕೊಡುತ್ತಾರೆ. ಯಾರು ಏನು ಬೇಕಾದರೂ ಹೇಳಲಿ, ನೀನು ಗಾಡಿ ಬಿಡು. ಒಂದು ದಿನ ಇಲ್ಲಿಗೇ ಬಾ. ನಿಜವಾಗಿ ಹೇಳುತ್ತೇನೆ, ಬಾ. ನಿನ್ನ ಹಿಂದೆ ಕುಳಿತು ಸಮುದ್ರದ ಬದಿಯ ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹೋಗಬೇಕು. ಈ ಊರಿಗೆ ಬಂದು ಮೂವತ್ತಮೂರು ವರ್ಷ ಆಯಿತು, ಆ ರಸ್ತೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಇಡೀ ಬಿಲ್ಡಿಂಗಿನವರು ಗ್ಯಾಲರಿಯಲ್ಲಿ ನಿಂತು ನೋಡಬೇಕು, ಇದು ನನ್ನ ಅಕ್ಕ ಅಂತ ನಾನು ಕೂಗಿ ಹೇಳಬೇಕು.

ಅಕ್ಷಯನಿಗೆ ಹೆಣ್ಣು ನೋಡುತ್ತಿದ್ದೇವೆ. ಬ್ರಹ್ಮಾವರದ ಕಡೆಯವರು, ಈಗ ಠಾಣೆಯಲ್ಲಿದ್ದಾರೆ. ಒಳ್ಳೆಯ ಜನ ಅಂತ ಸುದ್ದಿ. ನಾಲ್ಕು ವರ್ಷ ನೀನು ಸಾಕಿ ಕೊಟ್ಟ ಹುಡುಗ. ನಿನ್ನ ಆಶೀರ್ವಾದ ಬೇಕು.

ನಿನ್ನ
ಜಲ್ಜಿ


ಕಿರಿಮಂಜೇಶ್ವರ
೮ ಅಕ್ಟೋಬರ್ ೨೦೨೩

ಪ್ರೀತಿಯ ಜಲ್ಜೀ,

ನಿನ್ನ ಕಾಗದ ಬಂದ ದಿನ ಎರಡು ತುತ್ತು ಜಾಸ್ತಿ ಉಂಡೆ. ಇಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ.

ಬೈಂದೂರಿನ ಪೆಟ್ರೋಲ್ ಪಂಪಿನಲ್ಲಿ ದಿನಾ ಒಂದೇ ಪ್ರಶ್ನೆ: "ಮಗನ್ ಗಾಡಿಯಾ?" ಅಲ್ಲ ಅಂದರೆ, "ಹಂಗಾರ್ ಯಾರದ್ದ್?" ಭಾನುವಾರ ಬೆಳಿಗ್ಗೆ ಉಡುಪಿ ಕಡೆಯಿಂದ ಇಂಥದ್ದೇ ಗಾಡಿಗಳು ಸಾಲಾಗಿ ಮರವಂತೆಗೆ ಬರುತ್ತವೆ. ಬಿಡುವವರು ಡಾಕ್ಟರು, ಕಂಟ್ರಾಕ್ಟರು, ಎಲ್ಲರಿಗೂ ಐವತ್ತು ಅರುವತ್ತು, ಹೆಲ್ಮೆಟ್ ತೆಗೆದರೆ ತಲೆ ಬೋಳು. ಅವರನ್ನು ಜನ "ಶೋಕಿ ಮನುಷ್ಯ" ಅನ್ನುತ್ತಾರೆ, ಅಷ್ಟೇ. ನನ್ನನ್ನು ನೋಡಿದ ಪಂಚಾಯತಿನ ರಾಜೀವ, ಯತೀಶನನ್ನು ಬದಿಗೆ ಕರೆದು, "ಅಮ್ಮನ್ನ ಒಂದ್ಸಲ ಮಣಿಪಾಲದಗೆ ತಲೆ ಡಾಕ್ಟ್ರಿಗೆ ತೋರ್ಸ್" ಅಂದನಂತೆ.

ಬ್ರಹ್ಮಾವರದಲ್ಲಿ ಹುಡುಗರ ಒಂದು ಬೈಕ್ ಗುಂಪು ಉಂಟು. ಸೇರುತ್ತೇನೆ ಅಂತ ಹೋದೆ. ಅವರಲ್ಲೊಬ್ಬ ಬಹಳ ಮರ್ಯಾದೆಯಿಂದಲೇ ಹೇಳಿದ, "ಆಂಟಿ, ಬೇಜಾರ್ ಮಾಡ್ಬೇಡಿ. ನಾವ್ ಹೊರಡುದ್ ಬೆಳಿಗ್ಗೆ ನಾಲ್ಕಕ್ಕೆ. ಈ ಪ್ರಾಯದಗೆ ನಿಮ್ಗ್ ಆಪ್ದಲ್ಲ."

"ಮಗಾ, ಗಂಗೊಳ್ಳಿ ಬಂದರಿಗೆ ನಾನ್ ಮೂರಕ್ಕೇ ಹೋತಿದ್ದೆ" ಅಂದೆ. ಅವನು ನಕ್ಕು ನಂಬರ್ ಬರೆದುಕೊಂಡ. ಈವರೆಗೆ ಕರೆದಿಲ್ಲ.

ಯತೀಶನ ಸಿಟ್ಟು ಬೇರೆ ಥರದ್ದು. ಅವನ ಗೆಳೆಯರು ಅವನಿಗೆ, "ಬೈಕ್ ಚೆಂದ ಇತ್ತ್, ನಿನ್ ಅಮ್ಮನ ಹತ್ರ ಒಂದ್ ದಿನಕ್ಕೆ ಕೇಂಡ್ ಕೊಡ್" ಅನ್ನುತ್ತಾರಂತೆ. ಊಟಕ್ಕೆ ಕೂತಾಗ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾನೆ.

ಅದಿರಲಿ. ನಾನು ನಿಶ್ಚಯಿಸಿದ್ದೇನೆ. ದೀಪಾವಳಿ ಕಳೆದು, ನವೆಂಬರ್ ಇಪ್ಪತ್ತಕ್ಕೆ ಹೊರಟು ಇಪ್ಪತ್ತೆರಡರ ಸಂಜೆಗೆ ನಿನ್ನ ಬಾಗಿಲಲ್ಲಿ ಇರುತ್ತೇನೆ. ಸಿಗಡಿ, ನಂಗು, ಗೋಲಾಯಿ ಮೀನು ಎಲ್ಲ ಒಣಗಿಸಿ ಇಟ್ಟಿದ್ದೇನೆ. ಒಂದು ಪೆಟ್ಟಿಗೆ ಪೂರ್ತಿ ನಿನ್ನದೇ. ಆಮೇಲೆ ನಿನ್ನನ್ನು ಹಿಂದೆ ಕೂರಿಸಿಕೊಂಡು ಹೋಗುವುದು.

ನಿನ್ನ ಅಕ್ಕ


ಭಾಂಡುಪ್
೯ ನವೆಂಬರ್ ೨೦೨೩

ಅಕ್ಕ,

ಕಾಗದ ತಡವಾಯಿತು. ಅಕ್ಷಯನ ಮಾತುಕತೆಯ ಓಡಾಟ.

ನೀನು ಬರುವುದು ಸಂತೋಷವೇ. ಆದರೆ ಅಷ್ಟು ದೂರ ಯಾಕೆ ಆ ಗಾಡಿಯಲ್ಲಿ? ಘಾಟಿ ಉಂಟು, ಲಾರಿಗಳು ಉಂಟು. ನಿನ್ನ ಸೊಂಟವೂ ಮೊದಲಿನ ಹಾಗಿಲ್ಲ. ಕುಂದಾಪುರದಿಂದ ರೈಲಿಗೆ ಹತ್ತಿದರೆ ಮರುದಿನ ಇಲ್ಲಿ. ಅಕ್ಷಯ ಟಿಕೆಟ್ ಮಾಡಿಸುತ್ತೇನೆ ಅಂತಾನೆ. ಸ್ವಲ್ಪ ಯೋಚನೆ ಮಾಡು.

ಜಲಜ


ಕಿರಿಮಂಜೇಶ್ವರ
೧೫ ನವೆಂಬರ್ ೨೦೨೩

ಪ್ರೀತಿಯ ಜಲ್ಜೀ,

ನೀನು ಹೆದರಿದ್ದೀ ಅಂತ ಗೊತ್ತಾಯಿತು. ಚಿಕ್ಕವಳಿದ್ದಾಗಲೂ ಹೀಗೇ, ನಾನು ಬಾವಿಯ ದಂಡೆ ಹತ್ತಿದರೆ ನೀನು ಕೆಳಗೆ ನಿಂತು ಅಳುತ್ತಿದ್ದೆ.

ನಿನ್ನ ಸಮಾಧಾನಕ್ಕೆ ಕುಂದಾಪುರದ ಡಾಕ್ಟರಿಗೆ ತೋರಿಸಿ ಬಂದೆ. ರಕ್ತ, ಕಣ್ಣು, ಸೊಂಟ ಎಲ್ಲ ಸರಿ. ದಿನಕ್ಕೆ ಮುನ್ನೂರೈವತ್ತು ಕಿಲೋಮೀಟರ್ ಮೀರುವುದಿಲ್ಲ, ಕತ್ತಲಾದ ಮೇಲೆ ಬಿಡುವುದಿಲ್ಲ. ಸೋಮವಾರ ಹೊರಡುತ್ತೇನೆ. ನೀನು ಅನ್ನ ಮಾತ್ರ ಜಾಸ್ತಿ ಇಡು.

ಅಕ್ಕ


ಭಾಂಡುಪ್
೪ ಡಿಸೆಂಬರ್ ೨೦೨೩

ಅಕ್ಕ,

ಊರು ಮುಟ್ಟಿದ್ದೀ ಅಂತ ಯತೀಶ ಫೋನಿನಲ್ಲಿ ಹೇಳಿದ. ಮನಸ್ಸಿಗೆ ನಿರಾಳವಾಯಿತು.

ಅವತ್ತು ಗಡಿಬಿಡಿಯಲ್ಲಿ ಏನೇನೋ ಆಗಿಹೋಯಿತು. ನೀನು ಸಂಜೆಗೆ ಬರುತ್ತೀ ಅಂತಿತ್ತು. ಊಟಕ್ಕೆ ನಿಲ್ಲದೆ ಹೋದದ್ದು ನನಗೆ ಈಗಲೂ ಬೇಜಾರು. ಸಿಗಡಿ ಬಹಳ ಚೆನ್ನಾಗಿತ್ತು, ಚಟ್ನಿ ಮಾಡಿದೆ, ಎಲ್ಲರೂ ನಿನ್ನನ್ನು ನೆನೆದರು.

ಅಕ್ಷಯನದ್ದು ಕುದುರಿತು. ಹುಡುಗಿಯ ಹೆಸರು ನವ್ಯಶ್ರೀ. ಮದುವೆ ಫೆಬ್ರವರಿ ಹದಿನೆಂಟಕ್ಕೆ ಬ್ರಹ್ಮಾವರದ ಕಲ್ಯಾಣ ಮಂಟಪದಲ್ಲಿ. ನಿನಗೆ ಹತ್ತಿರವೇ ಆಯಿತು.

ಜಲಜ


ಕಿರಿಮಂಜೇಶ್ವರ
೧೪ ಡಿಸೆಂಬರ್ ೨೦೨೩

ಜಲಜ,

ಏನೇನೋ ಆಗಲಿಲ್ಲ. ಏನಾಯಿತೋ ಅದನ್ನು ನಾನು ಬರೆಯುತ್ತೇನೆ, ನೀನು ಓದು.

ಮೊದಲ ರಾತ್ರಿ ಕಣಕವಲಿಯಲ್ಲಿ ಉಳಿದೆ. ಲಾಡ್ಜಿನವನು ಅರ್ಧ ಗಂಟೆ ರೂಮ್ ಕೊಡಲಿಲ್ಲ, ಹಿಂದಿನಿಂದ ಗಂಡ ಬರುತ್ತಾನೆ ಅಂತ ಕಾದ. ಮಾರನೆಯ ದಿನ ಕಶೇಡಿ ಘಾಟಿಯಲ್ಲಿ ಒಂದು ಬಸ್ಸಿನ ಹೆಂಗಸರು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದರು. ಯಾರೋ ಏನೋ. ನಾನೂ ಬೀಸಿದೆ. ಅಷ್ಟು ಸಂತೋಷ ನನಗೆ ಯಾವತ್ತು ಆಗಿತ್ತು ಅಂತ ಘಾಟಿ ಇಳಿಯುವ ತನಕ ಯೋಚಿಸಿದೆ, ನೆನಪಾಗಲಿಲ್ಲ. ಎರಡನೆಯ ರಾತ್ರಿ ಮಾಣಗಾಂವ್. ದಾರಿ ಖಾಲಿ ಇತ್ತು. ಸಂಜೆಯ ಬದಲು ಬೆಳಿಗ್ಗೆ ಹನ್ನೊಂದೂವರೆಗೇ ನಿನ್ನ ಬಿಲ್ಡಿಂಗಿನ ಕೆಳಗಿದ್ದೆ. ತಪ್ಪು ನನ್ನದು ಅಂದರೆ ಅದೊಂದೇ.

ಪೆಟ್ಟಿಗೆಯನ್ನು ಕಳಚಿ ಕೈಯಲ್ಲಿ ಹಿಡಿದು ಮೂರು ಮಾಳಿಗೆ ಹತ್ತಿದೆ. ಬಾಗಿಲು ತೆರೆದಿತ್ತು. ಹೊರಗೆ ಹೊಸ ಚಪ್ಪಲಿಗಳ ಸಾಲು. ಒಳಗೆ ನಿನ್ನ ಹೊಸ ಬೀಗರು, ಹುಡುಗಿಯೂ ಇದ್ದಳು. ಮೈಮೇಲೆ ದಪ್ಪ ಜಾಕೆಟ್, ಬೂಟು, ಧೂಳು, ಹೆಲ್ಮೆಟಿನಿಂದ ಒತ್ತಿದ ಕೂದಲು. ನಾನು ಹಾಗೇ ನಗುತ್ತಾ ನಿಂತಿದ್ದೆ, ನೀನು ಓಡಿ ಬರುತ್ತೀ ಅಂತ.

ನೀನು ಎದ್ದು ನಿಂತೆ. ಬರಲಿಲ್ಲ.

ಹುಡುಗಿಯ ತಾಯಿ ಕೇಳಿದರು, "ಯಾರ್ ಇವ್ರ್?"

ನೀನು ಹೇಳಿದೆ, "ಊರಿಂದ ಬಂದದ್ದ್. ನಮ್ ಅಕ್ಕ ಒಣಮೀನ್ ಕಳ್ಸಿದ್ಳ್, ಇವ್ರ ಕೈಯಗೆ."

ನಿನ್ನ ಗಂಡ ಪ್ರೇಮಾನಂದ ಕಿಟಕಿಯ ಹೊರಗೆ ನೋಡಿದರು. ಅಕ್ಷಯ ತಲೆ ಬಗ್ಗಿಸಿ ಫೋನ್ ನೋಡಿದ. ಮೂರು ವರ್ಷದವನಿದ್ದಾಗ ನನ್ನ ಕೈಗೆ ಬಂದು, ಏಳು ವರ್ಷದವನಾಗಿ ಹೋಗುವಾಗ ಬಸ್ಸಿನ ಮೆಟ್ಟಿಲಲ್ಲಿ ನನ್ನ ಸೆರಗು ಬಿಡದೆ ಅತ್ತ ಹುಡುಗ.

ನನಗೆ ಬೇರೆ ಏನು ಹೇಳಲಿಕ್ಕಿತ್ತು? "ಹೌದ್, ಗುಲಾಬಿ ಕೊಟ್ಟದ್ದ್" ಅಂದೆ. ಪೆಟ್ಟಿಗೆಯಿಂದ ಮೀನಿನ ಕಟ್ಟುಗಳನ್ನು ತೆಗೆದು ಬಾಗಿಲ ಹತ್ತಿರ ಇಟ್ಟೆ.

"ಕೂಕಣಿ, ಚಾ ಕುಡ್ಕಂಡ್ ಹೋಯ್ನಿ" ಅಂದವರು ಯಾರು ಗೊತ್ತುಂಟಲ್ಲ? ನೀನಲ್ಲ. ಆ ತಾಯಿ. ನೀನು ಆಗಲೂ ನನ್ನ ಬೂಟನ್ನೇ ನೋಡುತ್ತಿದ್ದೆ. ಕೆಲಸ ಉಂಟು ಅಂತ ಹೇಳಿ ಇಳಿದೆ.

ಅರ್ಧ ಗಂಟೆ ಕೆಳಗೆ ಕಾದೆ. ಒಬ್ಬರಾದರೂ ಬರಬಹುದು ಅಂತ. ಆಮೇಲೆ ಹೊರಟೆ. ಪನ್ವೇಲಿನಲ್ಲಿ ಉಂಡೆ. ಯತೀಶ ಕೇಳಿದ್ದಕ್ಕೆ, ಚಿಕ್ಕಮ್ಮನ ಮನೆಯಲ್ಲಿ ಹಬ್ಬದ ಊಟ ಆಯಿತು ಅಂದೆ. ಅವನ ಎದುರು ನಿನ್ನ ಮರ್ಯಾದೆ ತೆಗೆಯಲು ನನ್ನಿಂದ ಆಗಲಿಲ್ಲ.

ಇಲ್ಲಿನವರು ನಗುತ್ತಾರೆ, ಆದರೆ ಎದುರಿಗೇ ನಗುತ್ತಾರೆ. ಬಾ ಅಂತ ಬರೆದವಳು ನೀನೊಬ್ಬಳೇ.

ಗುಲಾಬಿ


ಭಾಂಡುಪ್
೨ ಜನವರಿ ೨೦೨೪

ಅಕ್ಕಾ,

ನಿನ್ನ ಕಾಗದವನ್ನು ಒಂದೇ ಸಲ ಓದಿದೆ. ಇನ್ನೊಮ್ಮೆ ಓದುವ ಧೈರ್ಯ ಇಲ್ಲ.

ಬಾ ಅಂತ ಬರೆದದ್ದು ಸುಳ್ಳಲ್ಲ. ನಲ್ಲಿಯ ಹತ್ತಿರ ಕೂತು ಬರೆಯುವಾಗ ನಾನು ನಿನ್ನ ಹಿಂದೆ ಕುಳಿತೇ ಇದ್ದೆ. ಆದರೆ ಕಾಗದ ಬರೆಯುವ ಜಲ್ಜಿ ಬೇರೆ, ಈ ಮನೆಯ ಸೊಸೆ ಜಲಜ ಬೇರೆ. ಮೂವತ್ತಮೂರು ವರ್ಷದಿಂದ ರೇಷನ್ ಅಂಗಡಿಗೆ ಹೋಗುವುದಾದರೂ ಹೇಳಿ ಹೋಗುವವಳು ನಾನು. ನಿನಗೆ ಅದು ಗೊತ್ತಾಗುವುದಿಲ್ಲ. ನೀನು ದುಡಿದೆ, ನಿನ್ನ ಕೈಯಲ್ಲಿ ಗಾಡಿಯ ಕೀಲಿ ಇತ್ತು. ಭಾವ ತೀರಿಕೊಂಡ ಮೇಲೆ ನಿನ್ನನ್ನು ಎಲ್ಲಿಗೆ ಅಂತ ಕೇಳುವವರಿರಲಿಲ್ಲ. ನನ್ನ ಬಾಯಲ್ಲಿ ಇದು ಬರಬಾರದಿತ್ತು, ಬಂತು.

ಅಕ್ಷಯನಿಗೆ ಮೂವತ್ತೆರಡು. ಇದಕ್ಕೆ ಮೊದಲು ಎರಡು ಸಂಬಂಧ ತಪ್ಪಿಹೋದವು. ಒಂದು ಕಡೆಯವರು, ನಿಮ್ಮ ಮನೆಯ ಹೆಂಗಸರು ಹೇಗೆ ಅಂತಲೇ ಮೊದಲು ವಿಚಾರಿಸಿದ್ದರು. ಅವತ್ತು ನೀನು ಬಾಗಿಲಲ್ಲಿ ನಿಂತಾಗ, ಗಂಡ ಸತ್ತ, ಅರುವತ್ತು ಹತ್ತಿರ ಬಂದ ಹೆಂಗಸು, ಒಬ್ಬಳೇ, ಗಂಡಸರ ಜಾಕೆಟ್ ಹಾಕಿಕೊಂಡು, ಲಾಡ್ಜಿನಲ್ಲಿ ಉಳಿದುಕೊಂಡು ಬಂದಿದ್ದಾಳೆ ಅಂತ ಅವರು ಲೆಕ್ಕ ಹಾಕುವುದು ನನಗೆ ಕಿವಿಯಲ್ಲೇ ಕೇಳಿತು. ಬಾಯಿ ತಾನೇ ಹೇಳಿತು. ಹೇಳಿದ ಮೇಲೆ ವಾಪಸ್ಸು ತೆಗೆಯಲು ಆಗಲಿಲ್ಲ.

ಮದುವೆಗೆ ನೀನು ಬರಲೇಬೇಕು. ದೊಡ್ಡಮ್ಮ ಇಲ್ಲದೆ ಅಕ್ಷಯನ ಧಾರೆ ಹೇಗೆ? ಒಂದೇ ಮಾತು. ಸೀರೆ ಉಟ್ಟು, ಯತೀಶನ ಕಾರಿನಲ್ಲಿ ಬಾ. ನನ್ನ ಅಕ್ಕ ಅಂತ ಎಲ್ಲರಿಗೂ ಪರಿಚಯ ಮಾಡಿಸುತ್ತೇನೆ. ಅವತ್ತು ಅವರು ನೋಡಿದ್ದು ಎರಡು ನಿಮಿಷ. ರೇಷ್ಮೆ ಸೀರೆ, ತಲೆಗೆ ಹೂ ಇದ್ದರೆ ಗುರುತು ಸಿಗುವುದಿಲ್ಲ. ಯಾರಾದರೂ ಕೇಳಿದರೂ ನೀನು ಆ ದಿನದ ಮಾತು ತೆಗೆಯಬೇಡ. ನನ್ನ ಸೊಸೆಯ ಎದುರು ಜೀವಮಾನವಿಡೀ ಸುಳ್ಳಿಯಾಗಿ ಬದುಕಲು ನನಗೆ ಆಗುವುದಿಲ್ಲ ಅಕ್ಕಾ. ಕಾಲು ಹಿಡಿಯುತ್ತೇನೆ.

ನಿನ್ನ ಜಲ್ಜಿ


ಕಿರಿಮಂಜೇಶ್ವರ
೨೬ ಫೆಬ್ರವರಿ ೨೦೨೪

ಜಲಜ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ, ನಾನೇ ಬಂದೆ. ಹಸಿರು ರೇಷ್ಮೆ ಸೀರೆ, ತಲೆಗೆ ಮಲ್ಲಿಗೆ, ಯತೀಶನ ಕಾರು. ನೀನು ಹೇಳಿದಂತೆ. ಯತೀಶನಿಗೆ ಅವತ್ತು ನನ್ನನ್ನು ಕಂಡು ಏನು ಸಂತೋಷ! "ಈಗ ಕಾಣ್ ಅಮ್ಮ, ಎಷ್ಟ್ ಲಾಯ್ಕ್ ಇತ್ತ್" ಅಂದ.

ನೀನು ನನ್ನ ಕೈ ಹಿಡಿದು ಹುಡುಗಿಯ ತಾಯಿ ವನಜರ ಎದುರಿಗೆ ಕರೆದುಕೊಂಡು ಹೋದೆ. "ಇದ್ ನಮ್ ಅಕ್ಕ" ಅಂದೆ. ವನಜ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ನಿಮ್ಮನ್ನ್ ಎಲ್ಲೋ ಕಂಡಂಗಿತ್ತಲೆ" ಅಂದರು.

ನಾನು ನಿನ್ನ ಕಡೆ ನೋಡಿದೆ. ನೀನು ಸೆರಗಿನ ಪಿನ್ನು ಸರಿಮಾಡಿಕೊಳ್ಳುತ್ತಿದ್ದೆ.

"ಇಲ್ಲೆ. ನಾನ್ ಮುಂಬೈ ಬದಿಗೇ ಬಂದವಳಲ್ಲ" ಅಂದೆ.

ನಿನ್ನ ಮುಖ ಹಗುರಾದದ್ದು ನನಗೆ ಕಂಡಿತು. ವನಜ "ಹೌದಾ" ಅಂತ ಮಾತ್ರ ಹೇಳಿ ಬೇರೆಯವರ ಕಡೆ ತಿರುಗಿದರು. ಅಲ್ಲಿಗೆ ಮುಗಿಯಿತು ಅಂತ ನೀನು ತಿಳಿದೆ. ನಾನೂ ತಿಳಿದೆ.

ಊಟದ ನಂತರ ನವ್ಯಶ್ರೀ ಸೀರೆ ಬದಲಾಯಿಸುವ ಕೋಣೆಗೆ ನನ್ನನ್ನು ಕರೆದಳು. ಜಡೆಯ ಹೂ ಬಿಚ್ಚಿಕೊಡಿ ದೊಡ್ಡಮ್ಮ ಅಂದಳು. ಹೂ ಬಿಚ್ಚುತ್ತಿರುವಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಳು:

"ಅವತ್ತ್ ಬಾಗಿಲಂಗೆ ನಿಂತದ್ದ್ ನೀವೇ ಅಲ್ದಾ?"

ಬಿಚ್ಚಿದ ಹೂವನ್ನು ಕನ್ನಡಿಯ ಎದುರು ಇಟ್ಟೆ. ಅವಳು ನಿಲ್ಲಿಸಲಿಲ್ಲ.

"ಅಮ್ಮನಿಗೂ ಗುರ್ತ ಸಿಕ್ಕಿತ್. ನೀವೇ ಹೇಳ್ಲಿ ಅಂದ್ಹೇಳಿ ಕೇಂಡದ್ದ್. ಅಪ್ಪ ಅವತ್ತ್ ಹೊರಡುವಾಗ ಕೆಳಗೆಲ್ಲ ಹುಡ್ಕಿರ್ ನಿಮ್ಮನ್ನ್. ಉಡುಪಿ ನಂಬರಿನ ಗಾಡಿಯಗೆ ಒಬ್ಬ ಹೆಂಗ್ಸ್ ಬಂದ್ ಹೋದ್ರ್ ಅಂದ್ಹೇಳಿ ವಾಚ್‌ಮನ್ ಹೇಳ್ದ. ಅಪ್ಪನ ಬಾಯಂಗೆ ಎಂಟ್ ದಿನ ಅದೇ ಮಾತ್."

"ಎಂತ ಮಾತ್?" ಅಂತ ಕೇಳಿದೆ.

"ಅಷ್ಟ್ ದೂರದಿಂದ ಒಬ್ಳೇ ಗಾಡಿ ಬಿಟ್ಕಂಡ್ ಬಂದವ್ರಿಗೆ ಒಂದ್ ತುತ್ತ್ ಅನ್ನ ಹಾಕದೆ ಕಳ್ಸಿರಲೆ, ಆ ಮನಿಗೆ ಹೆಣ್ಣ್ ಕೊಡುದಾ ಅಂತ. ನಾನೇ ಅಪ್ಪನ್ನ ಒಪ್ಸಿದ್ದ್."

ಜಲಜ, ನೀನು ಹೆದರಿದ್ದು ಆ ಮನುಷ್ಯರಿಗೆ. ಅವರು ಲೆಕ್ಕ ಹಾಕುವುದು ನಿನ್ನ ಕಿವಿಗೆ ಕೇಳಿತು ಅಂದೆಯಲ್ಲ, ಅವರು ಹಾಕಿದ ಲೆಕ್ಕ ಇದು. ಶೋರೂಮಿನವನೂ ಪಂಚಾಯತಿನ ರಾಜೀವನೂ ಯೋಚಿಸಿದ್ದನ್ನು ನೀನು ಅವರ ತಲೆಯಲ್ಲಿ ಇಟ್ಟು ನೋಡಿದೆ. ಅದು ಅವರಲ್ಲಿ ಇರಲಿಲ್ಲ. ನಿನ್ನಲ್ಲಿತ್ತು.

ನಿನ್ನನ್ನು ಮಾತ್ರ ಬೈದು ಕೂರಲು ನನಗೆ ಹಕ್ಕಿಲ್ಲ. ನೀನು ಹೇಳಿದ ಸುಳ್ಳು ಗಾಬರಿಯಲ್ಲಿ ಬಾಯಿ ತಪ್ಪಿದ್ದು. ನಾನು ಹೇಳಿದ್ದು ಹಾಗಲ್ಲ. ಒಂದೂವರೆ ತಿಂಗಳು ಯೋಚನೆ ಮಾಡಿ, ಸೀರೆಗೆ ಇಸ್ತ್ರಿ ಹಾಕಿಸಿ, ಹೂ ಮುಡಿದು ಬಂದು ಹೇಳಿದ್ದು. ಮೂರು ದಿನ ಬಿಸಿಲಲ್ಲಿ ಗಾಡಿ ಬಿಟ್ಟುಕೊಂಡು ಬಂದ ಆ ಹೆಂಗಸನ್ನು ನೀನು ಬಾಗಿಲಲ್ಲಿ ನಿಲ್ಲಿಸಿದೆ. ಅವಳು ಬರಲೇ ಇಲ್ಲ ಅಂದವಳು ನಾನು. ನಾವಿಬ್ಬರೂ ಸೇರಿ ಹೇಳಿದ ಸುಳ್ಳು ಆ ಮನೆಯ ಮೂವರಿಗೂ ಗೊತ್ತು, ಗೊತ್ತಿದ್ದೂ ನಮ್ಮ ಎದುರು ನಗುತ್ತಾ ಬಡಿಸಿದರು. ಆ ಊಟ ನನಗೆ ಈಗಲೂ ಇಳಿದಿಲ್ಲ.

ಮದುವೆ ಕಳೆದ ಮೇಲೆ ಆರು ದಿನ ಗಾಡಿ ಮುಟ್ಟಲಿಲ್ಲ. ಯತೀಶ, ಬಸ್ರೂರಿನ ಯಾರೋ ಕೇಳುತ್ತಿದ್ದಾರೆ, ಕೊಟ್ಟುಬಿಡುವ ಅಂದ. ಕೊಡುವುದಿಲ್ಲ ಅಂದೆ. ನಿನ್ನೆ ಬೆಳಿಗ್ಗೆ ಒಬ್ಬಳೇ ಭಟ್ಕಳದ ತನಕ ಹೋಗಿ ಬಂದೆ. ಘಾಟಿಯಲ್ಲಿ ಆದ ಸಂತೋಷ ಆಗಲಿಲ್ಲ. ಆದರೂ ಹೋದೆ. ನಾಳೆಯೂ ಹೋಗುತ್ತೇನೆ.

ಇನ್ನೊಂದು ವಿಷಯ ಉಂಟು. ಕೋಣೆಯಿಂದ ಹೊರಡುವಾಗ ನವ್ಯಶ್ರೀ ನನ್ನ ಕೈ ಹಿಡಿದುಕೊಂಡು, "ಮೇ ತಿಂಗ್ಳಗೆ ಬತ್ತೆ ದೊಡ್ಡಮ್ಮ, ನಂಗೂ ಬಿಡುಕೆ ಕಲ್ಸಿಕೊಡ್ತ್ರಿಯಾ?" ಅಂತ ಕೇಳಿದಳು. ನನಗೆ ಹೌದು ಅನ್ನುವ ಆಸೆ ಬಂತು. ಅನ್ನಲಿಲ್ಲ.

"ನಿನ್ ಅತ್ತೆ ಹತ್ರ ಕೇಂಡ್ಕಂಡ್ ಬಾ" ಅಂದೆ.

ಅವಳು ಕೇಳುತ್ತಾಳೆ, ಜಲಜ. ಬಿಡುವ ಹುಡುಗಿಯಲ್ಲ. ಆಗ ಏನು ಹೇಳಬೇಕು ಅಂತ ನನಗೆ ಕಾಗದ ಬರೆಯಬೇಡ. ಅವಳ ಮುಖ ನೋಡಿ ಹೇಳು.

ಗುಲಾಬಿ